ಹಸಿ ಗಜ್ಜರಿ ಬೇಡ: ಮುಷ್ಟಿಗೆ ತಕ್ಕ ತುಂಡು, ಒಸಡಿಗೆ ತಕ್ಕ ಹದ

ಮಾನ್ಯ ಸಂಪಾದಕರಿಗೆ,

ಕಳೆದ ವಾರದ ನಿಮ್ಮ ಮಹಿಳಾ ಪುರವಣಿಯಲ್ಲಿ ಎಳೆಗೂಸುಗಳ ಊಟದ ಬಗ್ಗೆ ಬಂದ ಬರಹ ಓದಿದೆವು. ಈ ವಿಷಯಕ್ಕೆ ಅರ್ಧ ಪುಟ ಕೊಟ್ಟದ್ದು ಒಳ್ಳೆಯದೇ. ಆದರೆ ಅದರೊಳಗಿನ ಎರಡು ಮಾತು ಹಾಗೇ ಬಿಡುವಂಥವಲ್ಲ. ಹಲ್ಲು ಬರುವಾಗ ಒಸಡಿನ ತುರಿಕೆಗೆ ಹಸಿ ಗಜ್ಜರಿ ತುಂಡು ಕೈಗೆ ಕೊಡಿ ಎಂಬುದು ಒಂದು. ವರ್ಷ ತುಂಬುವ ತನಕ ಕಾಯಿಪಲ್ಯವನ್ನೆಲ್ಲ ಮಿಕ್ಸರಿಗೆ ಹಾಕಿ ನುಣ್ಣಗೆ ಮಾಡಿಯೇ ತಿನ್ನಿಸಿ ಎಂಬುದು ಇನ್ನೊಂದು. ಮೊದಲನೆಯದು ಅಪಾಯದ ಮಾತು, ಎರಡನೆಯದು ಕೂಸಿನ ಕಲಿಕೆಗೆ ಅಡ್ಡ ಬರುವ ಮಾತು. ಎರಡಕ್ಕೂ ಉತ್ತರ ನಮ್ಮ ಸಂತೆಯ ಕಾಯಿಪಲ್ಯದಲ್ಲಿ, ಮನೆಯ ಇಡ್ಲಿ ಪಾತ್ರೆಯಲ್ಲೇ ಇದೆ ಎಂಬ ಕಾರಣಕ್ಕೆ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಗಜ್ಜರಿಯ ಮಾತು ಮೊದಲು. ಕೂಸಿಗೆ ಮೊದಲು ಮೂಡುವುದು ಮುಂದಿನ ಹಲ್ಲು. ಅದು ಕಡಿಯುವ ಹಲ್ಲು, ಅಗಿಯುವ ಹಲ್ಲಲ್ಲ. ದವಡೆ ಹಲ್ಲು ಕಾಣಿಸಿಕೊಳ್ಳುವುದು ವರ್ಷ ದಾಟಿದ ಮೇಲೆ. ಹೀಗಾಗಿ ಎರಡು ಹಲ್ಲಿನ ಎಂಟು ತಿಂಗಳ ಕೂಸು ಹಸಿ ಗಜ್ಜರಿಯ ತುದಿಯನ್ನು ಕಟಕ್ಕನೆ ಕಡಿಯಬಲ್ಲದು, ಕಡಿದದ್ದನ್ನು ನುರಿಸಲಾರದು. ಆ ಗಟ್ಟಿ ತುಂಡು ಹಿಂದಕ್ಕೆ ಜಾರಿದರೆ ಉಸಿರಿನ ದಾರಿಗೆ ಬೂಚು ಬಡಿದಂತೆ. ಅಂದರೆ ಬೊಚ್ಚು ಬಾಯಿಯ ಕೂಸಿಗಿಂತ ಎರಡು ಹಲ್ಲಿನ ಕೂಸಿಗೇ ಹಸಿ ಗಜ್ಜರಿಯ ಅಪಾಯ ಹೆಚ್ಚು. ನಿಮ್ಮ ಬರಹದ ಸಲಹೆ ಸರಿಯಾಗಿ ಆ ಹೊತ್ತಿಗೇ ಬಂದು ಕೂತಿದೆ. ಒಸಡು ತುರಿಸಿದರೆ ಶುದ್ಧ ಹತ್ತಿ ಬಟ್ಟೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ತಣ್ಣಗೆ ಮಾಡಿ ಅದರ ತುದಿಯನ್ನು ಕಡಿಯಲು ಕೊಟ್ಟರೆ ಸಾಕು.

ಇನ್ನು ಮಿಕ್ಸರ್. "ಹಲ್ಲ ಇಲ್ಲದ ಕೂಸಿಗಿ ಕಾಯಿಪಲ್ಯಾ ಕೈಯಾಗ ಕೊಟ್ರ ಹೆಂಗ ತಿಂತೈತ್ರಿ?" ಎಂದು ಹಿರಿಯರು ಕೇಳುವುದು ಸಹಜ. ಕೈ ಚೆನ್ನಾಗಿ ತೊಳೆದು ಏಳು ತಿಂಗಳ ಕೂಸಿನ ಬಾಯಲ್ಲಿ ಕಿರುಬೆರಳು ಇಟ್ಟು ನೋಡಿದರೆ ಉತ್ತರ ಗೊತ್ತಾಗುತ್ತದೆ. ಆ ಒಸಡು ಬೆಂದ ಸಿಹಿಗುಂಬಳವನ್ನು ಮೂರು ಒತ್ತಿಗೆ ಹಿಟ್ಟು ಮಾಡಬಲ್ಲದು. ನಾಲಿಗೆಯನ್ನು ಬದಿಗೆ ಹೊರಳಿಸಿ ತುಂಡನ್ನು ಒಸಡಿನ ಕೆಳಗೆ ತಂದುಕೊಳ್ಳುವ ಚಾಳಿಯನ್ನು ಕೂಸು ಕಲಿಯುವುದು ಆರರಿಂದ ಒಂಬತ್ತು ತಿಂಗಳ ನಡುವೆ. ಆ ಹೊತ್ತಿನಲ್ಲಿ ಬರೀ ನುಣ್ಣನೆಯ ಹಿಟ್ಟು ಕುಡಿಸುತ್ತಾ ಬಂದರೆ ವರ್ಷದ ಹೊತ್ತಿಗೆ ಅನ್ನದ ಅಗುಳು ಸಿಕ್ಕರೂ ವಾಕರಿಸುವ ಕೂಸು ತಯಾರಾಗುತ್ತದೆ. ಆಮೇಲೆ ಮನೆಮಂದಿ ಸೋತು ಬಿಸ್ಕೀಟು, ಪಾಕೀಟಿನ ಕುರುಕಲಿಗೆ ಇಳಿಯುತ್ತಾರೆ. ಎಂಟು ತಿಂಗಳಿಗೆಲ್ಲ ಬಹುತೇಕ ಕೂಸುಗಳು ಕೈಯಿಂದ ಎತ್ತಿ ತಿನ್ನಬಲ್ಲವು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಯಾವಾಗ ಶುರು ಮಾಡಬೇಕು? ಆರು ತಿಂಗಳು, ಅಂದರೆ 180 ದಿನ ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ತುಂಬಿದ ಮೇಲೂ ಪಂಚಾಂಗ ಒಂದನ್ನೇ ನೋಡದೆ ಕೂಸನ್ನು ನೋಡಬೇಕು. ಕತ್ತು ಗಟ್ಟಿ ನಿಂತಿರಬೇಕು, ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರಬೇಕು, ಕಂಡದ್ದನ್ನು ಹಿಡಿದು ತಾನೇ ಬಾಯಿಗೆ ಒಯ್ಯಬೇಕು, ಬಾಯಿಗೆ ಇಟ್ಟದ್ದನ್ನು ನಾಲಿಗೆಯಿಂದ ಹೊರಗೆ ದೂಡುವುದು ನಿಂತಿರಬೇಕು. ದಿನ ತುಂಬದೆ ಹುಟ್ಟಿದ ಕೂಸಾದರೆ ಮಕ್ಕಳ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ತುಂಡಿನ ಅಳತೆಯಲ್ಲಿ ಬಹಳ ಮನೆಗಳು ಎಡವುತ್ತವೆ. ಸಣ್ಣ ಕೂಸು, ಸಣ್ಣ ತುಂಡು ಎಂಬ ಲೆಕ್ಕ ಇಲ್ಲಿ ತಿರುವುಮುರುವು. ಆರೇಳು ತಿಂಗಳ ಕೂಸು ಇಡೀ ಅಂಗೈಯಿಂದ ಮುಷ್ಟಿ ಕಟ್ಟಿ ಹಿಡಿಯುತ್ತದೆ, ಬೇಕೆಂದಾಗ ಮುಷ್ಟಿ ಬಿಚ್ಚಲು ಅದಕ್ಕೆ ಇನ್ನೂ ಬರುವುದಿಲ್ಲ. ಹಾಗಾಗಿ ಮುಷ್ಟಿಯೊಳಗೆ ಸಿಕ್ಕದ್ದು ಅದರ ಪಾಲಿಗೆ ಇಲ್ಲ, ಮುಷ್ಟಿಯ ಮೇಲೆ ಕಾಣುವಷ್ಟೇ ಅದರ ಊಟ. ದೊಡ್ಡವರ ತೋರುಬೆರಳಿನಷ್ಟು ಉದ್ದ ಮತ್ತು ದಪ್ಪ, ಅಂದರೆ 6–7 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ದಪ್ಪ ಇದ್ದರೆ ಅರ್ಧ ಹಿಡಿಯಲು, ಅರ್ಧ ತಿನ್ನಲು. ಇದಕ್ಕಿಂತ ತೆಳ್ಳಗೆ ಹೆಚ್ಚಿದರೆ ಬೆಂದ ಮೇಲೆ ಎತ್ತುವಾಗಲೇ ಮುರಿಯುತ್ತದೆ. ಒಂಬತ್ತು–ಹತ್ತು ತಿಂಗಳಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ನೆಲದ ಮೇಲಿನ ಕಸ, ಇರುವೆ ಹೆಕ್ಕಲು ಶುರು ಮಾಡುತ್ತದಲ್ಲ, ಆಗ ನೆನೆದ ಕಡಲೆಕಾಳಿನಷ್ಟು ಸಣ್ಣ ತುಂಡಿಗೆ ಇಳಿಯಬಹುದು. ಆಗಲೂ ತುಂಡು ಮೆತ್ತಗಿರಬೇಕು, ದುಂಡಗಿದ್ದರೆ ಒತ್ತಿ ಚಪ್ಪಟೆ ಮಾಡಿರಬೇಕು.

ಹದಕ್ಕೆ ಒಂದೇ ಪರೀಕ್ಷೆ. ಬೆಂದ ತುಂಡನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಹಗೂರಕ್ಕೆ ಒತ್ತಿ. ಉಗುರು ತಾಗಿಸಬೇಡಿ, ಜೋರು ಹಾಕಬೇಡಿ. ಹಿಟ್ಟಾಗಿ ಹರಡಿದರೆ ಸರಿ. ಎರಡು ಹೋಳಾಗಿ ಸಿಡಿದರೆ ಇನ್ನೂ ಬೇಯಬೇಕು. ಹೊರಗೆ ಮೆತ್ತಗೆ, ನಡುವೆ ಗಟ್ಟಿ ಗೆರೆ ಸಿಕ್ಕರೂ ಬೇಯಬೇಕು. ಮೇಲಿನ ಒಂದು ತುಂಡು ಒತ್ತಿ ನೋಡಿ ಪಾತ್ರೆ ಇಳಿಸಬೇಡಿ, ಎಲ್ಲಕ್ಕಿಂತ ದಪ್ಪಗಿರುವುದನ್ನೇ ತೆಗೆದು ನೋಡಿ.

ಕುಕ್ಕರಿನಲ್ಲಿ ನೀರಿಗೇ ಹಾಕಿ ಸೀಟಿ ಹೊಡೆಸುವುದು ಈ ಕೆಲಸಕ್ಕೆ ಹೊಂದುವುದಿಲ್ಲ. ತುಂಡಿನ ಹೊರಮೈ ನೀರು ಕುಡಿದು ಲೋಳೆಯಾಗುತ್ತದೆ, ಕೂಸಿನ ಕೈಯಿಂದ ಸೋಪಿನಂತೆ ಜಾರುತ್ತದೆ, ಸಿ ಜೀವಸತ್ವದ ಒಂದಷ್ಟು ಪಾಲು ನೀರಿನಲ್ಲಿ ಉಳಿದು ಮೋರಿಗೆ ಹೋಗುತ್ತದೆ. ಇಡ್ಲಿ ಪಾತ್ರೆಯ ತಳದಲ್ಲಿ ಎರಡು ಬೆರಳು ನೀರು ಕುದಿಸಿ, ತೂತಿನ ತಟ್ಟೆಯ ಮೇಲೆ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಮುಚ್ಚಳ ಹಾಕಿ ಹಬೆಯಲ್ಲಿ ಬೇಯಿಸಿ. ಮೇಲೆ ಹೇಳಿದ ದಪ್ಪಕ್ಕೆ ಸಿಹಿಗುಂಬಳ 8–10 ನಿಮಿಷ, ಗೆಣಸು 10–12, ಬೀನ್ಸ್ 12–15, ಗಜ್ಜರಿ 15–20 ನಿಮಿಷ ಹಿಡಿಯುತ್ತವೆ. ಎಳೆಯ ಗಜ್ಜರಿ ಬೇಗ ಬೇಯುತ್ತದೆ. ಬೇಸಿಗೆಯಲ್ಲಿ ಬರುವ ಬಲಿತ ಗಜ್ಜರಿಯ ನಡುವಿನ ಹಳದಿ ದಿಂಡು ಎಷ್ಟು ಹೊತ್ತಾದರೂ ನಾರು ಬಿಡುವುದಿಲ್ಲ, ಅದನ್ನು ಮೊದಲೇ ಕೊಯ್ದು ತೆಗೆದು ಸಾಂಬಾರಿಗೆ ಹಾಕಿ. ಗಡಿಯಾರ ಅಂದಾಜಿಗೆ ಮಾತ್ರ, ಕೊನೆಯ ಮಾತು ಬೆರಳಿನದು. ಬೆಂದ ಮೇಲೆ ತಟ್ಟೆಯಲ್ಲಿ ಹರಡಿ ಐದಾರು ನಿಮಿಷ ಆರಲು ಬಿಡಿ. ಹೊರಗೆ ಉಗುರುಬೆಚ್ಚಗೆ ಅನ್ನಿಸಿದರೂ ಗೆಣಸಿನ ಒಳಗೆ ಬಿಸಿ ಕೂತಿರುತ್ತದೆ. ಒಂದನ್ನು ಮುರಿದು ಒಳಭಾಗವನ್ನು ನಿಮ್ಮ ಮಣಿಕಟ್ಟಿಗೆ ಮುಟ್ಟಿಸಿ ನೋಡಿ.

ಜಾರುವುದಕ್ಕೆ ಮದ್ದು ನಮ್ಮ ಪುಟಾಣಿ ಹಿಟ್ಟು. ಹುರಿಗಡಲೆಯನ್ನು ನುಣ್ಣಗೆ ಬೀಸಿ ಜರಡಿ ಹಿಡಿದು, ತಟ್ಟೆಗೆ ಒಂದು ಚಮಚ ಉದುರಿಸಿ, ಬೆಂದ ಸಿಹಿಗುಂಬಳದ ತುಂಡನ್ನು ಅದರ ಮೇಲೆ ಒಂದು ಸುತ್ತು ಹೊರಳಿಸಿ, ಮೇಲಿನ ಒಣ ಪುಡಿಯನ್ನು ತಟ್ಟಿ ಉದುರಿಸಿ. ಸಿಹಿಗುಂಬಳದ ಹಸಿಗೆ ಹಿಟ್ಟು ಅಂಟಿ ತುಂಡಿನ ಮೈ ಮಗ್ಗದ ಬಟ್ಟೆಯಂತೆ ಒರಟಾಗುತ್ತದೆ, ಕೂಸಿನ ಬೆರಳಿಗೆ ಹಿಡಿತ ಸಿಗುತ್ತದೆ, ಜೊತೆಗೆ ಬೇಳೆಯ ಸತ್ವವೂ ಸೇರುತ್ತದೆ. ಪುಡಿ ಸಡಿಲವಾಗಿ ಉಳಿದರೆ ಉಸಿರಿಗೆ ಎಳೆದುಕೊಂಡು ಕೆಮ್ಮುತ್ತದೆ, ಅದಕ್ಕೇ ತಟ್ಟಿ ಉದುರಿಸಬೇಕು. ಅಲೆ ಅಲೆಯಾಗಿ ಹೆಚ್ಚುವ ಚಾಕು ಭಾಂಡೆ ಅಂಗಡಿಗಳಲ್ಲಿ ಸಿಗುತ್ತದೆ. ಅದರಿಂದ ಹೆಚ್ಚಿದ ಗಜ್ಜರಿಗೆ ಹಿಟ್ಟೂ ಬೇಡ.

ಯಾವ ಕಾಯಿ ಒಳ್ಳೆಯದು? ಬೆಳಗಾವಿ, ಖಾನಾಪುರದ ಕಡೆಯವರಿಗೆ ಗೆಣಸಿಗಿಂತ ಸುಲಭದ್ದಿಲ್ಲ. ತಾನೇ ಸಿಹಿ, ಬೆಂದರೆ ಬೆಣ್ಣೆ, ಸಕ್ಕರೆ ಕೇಳುವುದಿಲ್ಲ. ತುದಿಯ ನಾರು ತೆಗೆದುಬಿಡಿ. ಸಿಹಿಗುಂಬಳಕ್ಕೆ ನಮ್ಮ ಲೆಕ್ಕದಲ್ಲಿ ಮೊದಲ ಜಾಗ, ಅದರ ಕೇಸರಿ ಬಣ್ಣವೇ ಎ ಜೀವಸತ್ವದ ಮೂಲ. ಆ ಬಣ್ಣ ಮೈಗೆ ಹತ್ತಲು ಕೊಬ್ಬು ಬೇಕು, ಅರ್ಧ ಚಮಚ ತುಪ್ಪವನ್ನೋ ಶೇಂಗಾ ಎಣ್ಣೆಯನ್ನೋ ಸವರುವುದು ಬರೀ ರುಚಿಗಲ್ಲ. ಬೀನ್ಸಿನ ಎರಡೂ ಬದಿಯ ನಾರು ಪೂರ್ತಿ ಎಳೆಯಬೇಕು. ಹೂಕೋಸನ್ನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಹುಳ ಹೊರಬಿದ್ದ ಮೇಲೆ ಎರಡು ಸಲ ತೊಳೆದು ದಂಟಿನ ಸಮೇತ ಬೇಯಿಸಿ. ದಂಟು ಹಿಡಿಕೆ, ಹೂ ಊಟ, ಕೂಸಿಗೆ ಅದೊಂದು ಕೈಯಲ್ಲಿ ಹಿಡಿಯುವ ಗಿಡ. ಸೋರೆಕಾಯಿ, ಹೀರೆಕಾಯಿ, ಸವತೆಕಾಯಿ ಯಾವುದಿರಲಿ, ಹೆಚ್ಚುವ ಮೊದಲು ಹಸಿಯ ಚೂರನ್ನು ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಕಿ. ಆ ಕಹಿ ವಿಷಕಾರಿ, ಬೇಯಿಸಿದರೂ ಹೋಗುವುದಿಲ್ಲ, ದೊಡ್ಡವರಿಗೂ ವಾಂತಿ ತರಿಸುತ್ತದೆ. ಬದನೆಕಾಯಿಯನ್ನು ಇಡಿಯಾಗಿ ಸುಟ್ಟು ಸಿಪ್ಪೆ ಬಿಡಿಸಿ ಉದ್ದುದ್ದ ಸೀಳಿದರೆ ಚೆನ್ನ, ಆದರೆ ಅದಕ್ಕೆ ಪುಟಾಣಿ ಹಿಟ್ಟು ಬೇಕೇ ಬೇಕು. ಬಟಾಟಿ ಒಂದನ್ನೇ ಕೊಟ್ಟರೆ ಅಂಗುಳಕ್ಕೆ ಅಂಟಿಕೊಂಡು ಕೂಸು ಒದ್ದಾಡುತ್ತದೆ, ತುಪ್ಪ ಸವರಿ ಕೊಡಿ.

ನುಗ್ಗೆಕಾಯಿಯ ಬಗ್ಗೆ ಒಂದು ಎಚ್ಚರಿಕೆ, ಬಾಗಲಕೋಟೆ ಕಡೆ ಅದು ಹೇರಳ. ಚೀಪಲಿ ಎಂದು ಬೆಂದ ನುಗ್ಗೆಕಾಯಿಯ ತುಂಡನ್ನು ಕೂಸಿನ ಕೈಗೆ ಕೊಡುವವರಿದ್ದಾರೆ. ಅದರ ಸಿಪ್ಪೆ ಸಿಬಿರು ಸಿಬಿರಾಗಿ ಎದ್ದು ಗಂಟಲಿಗೆ ಚುಚ್ಚುತ್ತದೆ. ಒಳಗಿನ ತಿರುಳನ್ನು ಚಮಚದಿಂದ ಕೆರೆದು, ಬೀಜ ತೆಗೆದು, ನುಚ್ಚಿಗೆ ಕಲಸಿ. ಸೊಪ್ಪನ್ನು ಈಗ ಹೇಳುವ ವಡಿಗೆ ಹಾಕಿ.

ಝುಣಕದ ವಡಿ ನಮ್ಮ ಭಾಗದಲ್ಲಿ ಯಾರಿಗೂ ಹೊಸದಲ್ಲ. ಮೆಣಸಿನಕಾಯಿ, ಬೆಳ್ಳುಳ್ಳಿ ಖಾರ ಬಿಟ್ಟು ಅದನ್ನೇ ಕೂಸಿಗೆ ತಿರುಗಿಸಿಕೊಂಡರೆ ಬೆರಳಿಂದ ಹಿಡಿದು ತಿನ್ನಲು ಅದಕ್ಕಿಂತ ಒಳ್ಳೆಯದು ಪೇಟೆಯಲ್ಲಿ ಸಿಗದು. ಅಳತೆ ಹೀಗೆ: ಕಡಲೆಹಿಟ್ಟು ಒಂದು ವಾಟಿ, ನೀರು ಎರಡು ವಾಟಿ, ತುರಿದು ಹಿಂಡಿದ ಸೋರೆಕಾಯಿ ಅಥವಾ ಗಜ್ಜರಿ ಅರ್ಧ ವಾಟಿ, ಸಣ್ಣಗೆ ಹೆಚ್ಚಿದ ಮೆಂತ್ಯೆ ಅಥವಾ ನುಗ್ಗೆಸೊಪ್ಪು ಕಾಲು ವಾಟಿ, ಎಣ್ಣೆ ಎರಡು ಚಮಚ, ಜೀರಿಗೆ ಪುಡಿ ಮತ್ತು ಅರಿಷಿಣ ಚಿಟಿಕೆ ಚಿಟಿಕೆ. ಉಪ್ಪು ಇಲ್ಲ. ಹಿಟ್ಟನ್ನು ಜರಡಿ ಹಿಡಿದು ಒಂದು ವಾಟಿ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಬದಿಗಿಡಿ. ಬುಟ್ಟಿಯಲ್ಲಿ (ಬಾಣಲೆ) ಎಣ್ಣೆ ಕಾಯಿಸಿ ಜೀರಿಗೆ ಪುಡಿ, ಅರಿಷಿಣ, ತುರಿ, ಸೊಪ್ಪು ಹಾಕಿ ಐದು ನಿಮಿಷ ಬಾಡಿಸಿ. ಸೊಪ್ಪು ಇಲ್ಲೇ ಮೆತ್ತಗಾಗಬೇಕು, ಮುಂದೆ ಆಗುವುದಿಲ್ಲ. ಉಳಿದ ಒಂದು ವಾಟಿ ನೀರು ಹಾಕಿ ಕುದಿ ಬಂದ ಮೇಲೆ ಉರಿ ತಗ್ಗಿಸಿ, ಕದಡಿದ ಹಿಟ್ಟನ್ನು ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾ ಇರಿ. ಎಂಟು–ಹತ್ತು ನಿಮಿಷಕ್ಕೆ ಮುದ್ದೆ ಬುಟ್ಟಿಯ ಮೈ ಬಿಟ್ಟು ಸೌಟಿನ ಹಿಂದೆ ಬರುತ್ತದೆ. ಮುಚ್ಚಿ ಐದು ನಿಮಿಷ ಸಣ್ಣ ಉರಿಯಲ್ಲೇ ಬಿಡಿ. ಎಣ್ಣೆ ಸವರಿದ ತಾಟಿಗೆ ಸುರಿದು, ಒದ್ದೆ ಕೈಯಿಂದ ಒಂದೂವರೆ ಸೆಂ.ಮೀ. ದಪ್ಪಕ್ಕೆ ತಟ್ಟಿ, ಇಪ್ಪತ್ತು ನಿಮಿಷ ಆರಿಸಿ. ದೊಡ್ಡವರಿಗೆ ಕೊಯ್ಯುವಂತೆ ಚೌಕೋನ ಕೊಯ್ಯದೆ ಬೆರಳುದ್ದ ಕೊಯ್ಯಿರಿ.

ಇದು ಕೆಡುವುದು ಮೂರು ಕಡೆ. ಅವಸರಕ್ಕೆ ಇಳಿಸಿದರೆ ಹಿಟ್ಟಿನ ಹಸಿ ವಾಸನೆ ಉಳಿಯುತ್ತದೆ, ಅಂಥ ವಡಿ ತಿಂದ ಕೂಸು ರಾತ್ರಿಯೆಲ್ಲ ಹೊಟ್ಟೆ ಉಬ್ಬರಿಸಿಕೊಂಡು ಅಳುತ್ತದೆ. ತುರಿಯನ್ನು ಹಿಂಡದೆ ಹಾಕಿದರೆ ವಡಿ ಕಟ್ಟುವುದೇ ಇಲ್ಲ. ಹಾಗಾದಾಗ ಚಿಂತಿಸಬೇಡಿ, ಚಮಚದಲ್ಲಿ ಪಿಠಲೆಯಂತೆ ತಿನ್ನಿಸಿ. ಇನ್ನು ಬಿಸಿಯಿದ್ದಾಗಲೇ ಕೊಯ್ದರೆ ಚಾಕುವಿಗೆ ಅಂಟಿ ಪುಡಿಯಾಗುತ್ತದೆ. ಕೊಯ್ದ ವಡಿಯ ಮೇಲೆ ನಾಲ್ಕು ಹನಿ ಇಂಡಿ ಲಿಂಬೆಹಣ್ಣಿನ ರಸ ಹಿಂಡಿ. ಬೇಳೆ, ಸೊಪ್ಪಿನ ಕಬ್ಬಿಣವನ್ನು ಮೈ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ, ಲಿಂಬೆಯ ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಕೂಸಿಗೆ ಚಹಾ ಅದ್ದಿದ ಬಿಸ್ಕೀಟು ಕೊಡುವ ರೂಢಿ ಇದ್ದರೆ ಅದನ್ನು ಬಿಡಿ, ಚಹಾ ಅದೇ ಕಬ್ಬಿಣವನ್ನು ತಡೆಯುತ್ತದೆ.

ಜೋಳದ ಹಿಟ್ಟಿನ ತಾಲಿಪಟ್ಟಿಯೂ ಆಗುತ್ತದೆ. ಒಂದು ವಾಟಿ ಹಿಟ್ಟಿಗೆ ಬೇಯಿಸಿ ಹಿಸುಕಿದ ಗೆಣಸು ಅರ್ಧ ವಾಟಿ, ತುರಿದ ಗಜ್ಜರಿ ಕಾಲು ವಾಟಿ, ಸಣ್ಣಗೆ ಹೆಚ್ಚಿದ ಮೆಂತ್ಯೆ ಎರಡು ಚಮಚ, ನಾದಲು ಬಿಸಿನೀರು. ಜೋಳಕ್ಕೆ ಗೋಧಿಯ ಜಿಗುಟು ಇಲ್ಲ, ಬಿಸಿನೀರು ಮತ್ತು ಗೆಣಸೇ ಅದನ್ನು ಹಿಡಿದಿಡುವುದು, ತಣ್ಣೀರಿನಲ್ಲಿ ನಾದಿದರೆ ತಟ್ಟುವಾಗಲೇ ಬಿರಿಯುತ್ತದೆ. ಒದ್ದೆ ಬಟ್ಟೆಯ ಮೇಲೆ ಅರ್ಧ ಸೆಂ.ಮೀ. ದಪ್ಪಕ್ಕೆ ತಟ್ಟಿ, ಸಣ್ಣ ಉರಿಯ ಹಂಚಿನಲ್ಲಿ ಎಣ್ಣೆ ಬಿಟ್ಟು ಮುಚ್ಚಿ, ಒಂದೊಂದು ಬದಿ ಮೂರು–ನಾಲ್ಕು ನಿಮಿಷ ಬೇಯಿಸಿ. ಗರಿಗರಿ ಮಾಡುವ ಆಸೆ ಬೇಡ, ಗರಿ ಅಂಚು ಎಳೆ ಅಂಗುಳಕ್ಕೆ ಗೀರುತ್ತದೆ. ಅಂಚನ್ನು ಸುತ್ತ ಕೊಯ್ದು ತೆಗೆದು, ಒಳಗಿನ ಮೆತ್ತನೆ ಭಾಗವನ್ನು ಎರಡು ಬೆರಳು ಅಗಲದ ಪಟ್ಟಿ ಮಾಡಿ. ಆರಿದರೆ ಜೋಳ ಬಿರುಸಾಗುತ್ತದೆ, ಬಟ್ಟೆ ಮುಚ್ಚಿಡಿ.

ಆಟದ ಮಾತು. ಕೂಸಿಗೆ ಊಟವೂ ಆಟವೇ. ಮೊದಲ ವಾರ ಅದು ತಿನ್ನುವುದಕ್ಕಿಂತ ಹಿಸುಕುವುದೇ ಹೆಚ್ಚು. ಸಿಹಿಗುಂಬಳವನ್ನು ಮುಷ್ಟಿಯಲ್ಲಿ ಅಮುಕಿದರೆ ಬೆರಳ ಸಂದಿನಿಂದ ಕೇಸರಿ ಹಿಟ್ಟು ಇಣುಕುತ್ತದೆ. ಕೂಸು ಅದನ್ನು ನೋಡಿ ಕೈ ಬಿಚ್ಚಲು ಹೋಗುತ್ತದೆ, ಬಿಚ್ಚಲು ಬರುವುದಿಲ್ಲ, ಮುಷ್ಟಿಯನ್ನೇ ಬಾಯಿಗೆ ತುರುಕುತ್ತದೆ. ಈ ಹೊತ್ತಿಗೆ ದೊಡ್ಡವರು ಕೈ ಒರೆಸಲು ಓಡಿ ಬರುತ್ತಾರೆ, ಬರಬೇಡಿ. ಹಳೆ ಸೀರೆಯ ತುಂಡೊಂದನ್ನು ಕೆಳಗೆ ಹಾಸಿದರೆ ನೆಲದ ಚಿಂತೆ ತಪ್ಪಿತು. ತಾಟಿನಲ್ಲಿ ಎರಡು ಅಥವಾ ಮೂರೇ ತುಂಡು ಇಡಿ, ಒಂದೊಂದು ಒಂದೊಂದು ಬಣ್ಣದ್ದು. ತಾಟು ತುಂಬಿದರೆ ಕೂಸು ಎರಡೂ ಕೈಯಿಂದ ಬಳಿದು ನೆಲಕ್ಕೆ ಹಾಕುತ್ತದೆ. ಗಟ್ಟಿ ಮೊಸರಿಗೆ ಬೆಂದ ಬೀಟ್‌ರೂಟಿನ ಒಂದು ಚಮಚ ಹಿಟ್ಟು ಕಲಸಿ ಗುಲಾಲಿನ ಬಣ್ಣ ಬಂದ ಮೇಲೆ ಗೆಣಸಿನ ಕಡ್ಡಿಯನ್ನು ಅದರಲ್ಲಿ ಅದ್ದಲು ಬಿಡಿ. ಅದ್ದುವುದು, ಚೀಪುವುದು, ಮತ್ತೆ ಅದ್ದುವುದು, ಹತ್ತು ನಿಮಿಷ ಸರಾಗ ಸಾಗುತ್ತದೆ.

ವರ್ಷ ದಾಟಿದ ಮಕ್ಕಳಿಗೆ ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನೇ ಗೆಣಸಿನಲ್ಲಿ ಮಾಡಿ ಕೊಡಬಹುದು. ಬೇಯಿಸಿದ ಗೆಣಸು ಒಂದು ವಾಟಿಗೆ ಪುಟಾಣಿ ಹಿಟ್ಟು ಎರಡು ಚಮಚ ಕಲಸಿದರೆ ಮಣ್ಣಿನ ಹದ ಬರುತ್ತದೆ, ಹಿಣಿಲು, ಕೋಡು ಎಲ್ಲ ನಿಲ್ಲುತ್ತವೆ. ಆದರೆ ಕಣ್ಣಿಗೆ ಎಂದು ಮೆಣಸು, ಬಟಾಣಿ, ಗುಲಗಂಜಿ ಸಿಕ್ಕಿಸುವ ಚಪಲ ಬೇಡ. ಮೆಣಸು, ಬಟಾಣಿ ಉಸಿರುಗಟ್ಟಿಸಬಲ್ಲವು, ಗುಲಗಂಜಿಯಂತೂ ಘೋರ ವಿಷ, ಎಳೆ ಮಕ್ಕಳಿರುವ ಮನೆಯಲ್ಲಿ ಇರಲೇಬಾರದು. ಕಣ್ಣನ್ನು ಕಡ್ಡಿಯ ತುದಿಯಿಂದ ಚುಚ್ಚಿ ತೋರಿಸಿದರೆ ಆಯಿತು.

ಒಂದು ಕಾಯಿ ಇವತ್ತು ಉಗುಳಿತು ಎಂದು ಕೈಬಿಡಬೇಡಿ. ಹತ್ತು–ಹದಿನೈದು ಸಲ ತಾಟಿನಲ್ಲಿ ಕಂಡ ಮೇಲೆ ಒಲಿಯುವ ಕೂಸುಗಳು ಎಷ್ಟೋ. ಬಲವಂತಕ್ಕೆ ಮೂಗು ಹಿಡಿದು ತುರುಕುವುದು, ಮೊಬೈಲ್ ತೋರಿಸಿ ಬಾಯಿ ತೆರೆಸುವುದು ಎರಡೂ ಕೆಟ್ಟವು. ಮೊಬೈಲ್ ನೋಡುತ್ತಿರುವ ಕೂಸು ಬಾಯಲ್ಲಿ ಏನಿದೆ ಎಂಬುದನ್ನೇ ಮರೆಯುತ್ತದೆ, ಅಪಾಯ ಇರುವುದೇ ಅಲ್ಲಿ.

ಕೂರಿಸುವ ರೀತಿಯೂ ಊಟದಷ್ಟೇ ಮುಖ್ಯ. ಬೆನ್ನು ನೆಟ್ಟಗೆ, ಗದ್ದ ನೆಲಕ್ಕೆ ಸಮ. ನೆಲದ ಮೇಲೆ ಕೂತು ನಿಮ್ಮ ಎರಡು ತೊಡೆಗಳ ನಡುವೆ ಕೂಸಿನ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಕೂರಿಸಿದರೆ ಖುರ್ಚಿ ಬೇಡ. ತೊಟ್ಟಿಲಲ್ಲಿ, ಅಂಬೆಗಾಲಿಡುವಾಗ, ಬೈಕಿನ ಮೇಲೆ, ಟಂಟಂನಲ್ಲಿ ಕೈಗೆ ಏನೂ ಕೊಡಬೇಡಿ. ತುಂಡನ್ನು ಕೂಸೇ ಬಾಯಿಗೆ ಇಡಬೇಕು, ದೊಡ್ಡವರು ಇಡಬಾರದು. ಅಣ್ಣ, ಅಕ್ಕ ಪ್ರೀತಿಯಿಂದ ಬಾಯಿಗೆ ತುಂಬುವುದನ್ನೂ ತಡೆಯಿರಿ.

ಓಕರಿಸುವುದಕ್ಕೂ ಉಸಿರುಗಟ್ಟುವುದಕ್ಕೂ ಇರುವ ವ್ಯತ್ಯಾಸ ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಓಕರಿಸುವಾಗ ಸದ್ದು ಇರುತ್ತದೆ. ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ನಾಲಿಗೆ ಚಾಚಿ ತುಂಡನ್ನು ಮುಂದಕ್ಕೆ ತಳ್ಳುತ್ತದೆ. ಎಳೆ ಕೂಸಿಗೆ ಓಕರಿಕೆ ನಾಲಿಗೆಯ ನಡುವಿನಲ್ಲೇ ಹುಟ್ಟುತ್ತದೆ, ಅದು ಕಾವಲು, ಕಾಯಿಲೆಯಲ್ಲ. ಆಗ ಬೆನ್ನು ಗುದ್ದಬೇಡಿ, ಬೆರಳು ಹಾಕಬೇಡಿ, ಸುಮ್ಮನೆ ನೋಡುತ್ತಾ ಕೂತಿರಿ. ಉಸಿರುಗಟ್ಟಿದಾಗ ಸದ್ದೇ ಇರುವುದಿಲ್ಲ. ಅಳಲಾಗದು, ಕೆಮ್ಮಲಾಗದು, ತುಟಿ ನೀಲಿಗೆ ತಿರುಗುತ್ತದೆ. ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ದವಡೆ ಹಿಡಿದು, ತಲೆ ಎದೆಗಿಂತ ಕೆಳಗಿರುವಂತೆ ಮಾಡಿ, ಅಂಗೈಯ ಬುಡದಿಂದ ಹೆಗಲೆಲುಬುಗಳ ನಡುವೆ ಐದು ಏಟು ಹೊಡೆಯಿರಿ. ಹೊರಬರದಿದ್ದರೆ ಅಂಗಾತ ತಿರುಗಿಸಿ, ಎರಡು ಮೊಲೆತೊಟ್ಟುಗಳ ಗೆರೆಯ ತುಸು ಕೆಳಗೆ ಎದೆಯೆಲುಬಿನ ಮೇಲೆ ಎರಡು ಬೆರಳಿಟ್ಟು ಐದು ಸಲ ಒತ್ತಿ. ಹೊರಬರುವ ತನಕ ಹೀಗೇ ಐದು–ಐದು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕೂಸಿನ ಮೈ ಸಡಿಲಬಿದ್ದು ಪ್ರಜ್ಞೆ ತಪ್ಪಿದರೆ ಫೋನಿನಲ್ಲಿರುವವರು ಹೇಳಿದಂತೆ ಎದೆ ಒತ್ತುವ ಚಿಕಿತ್ಸೆಗೆ ತೊಡಗಬೇಕು. ಕಾಣದ ತುಂಡಿಗಾಗಿ ಬಾಯಲ್ಲಿ ಬೆರಳು ಆಡಿಸಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಕಾಲು ಹಿಡಿದು ತಲೆಕೆಳಗೆ ಜೋಲಿ ಹಾಕುವುದು, ನೀರು ಕುಡಿಸುವುದು ಎರಡೂ ತಪ್ಪು. ಈ ಏಟು, ಒತ್ತುವಿಕೆಯ ಕ್ರಮವನ್ನು ಗೊತ್ತಿದ್ದವರಿಂದ ಬೊಂಬೆಯ ಮೇಲೆ ಒಮ್ಮೆ ಮಾಡಿ ಕಲಿಯುವುದೇ ಒಳ್ಳೆಯದು.

ನಮ್ಮ ಜಿಲ್ಲೆಗಳದ್ದೇ ಆದ ಕೆಲವು ಅಪಾಯಗಳಿವೆ. ವಿಜಯಪುರದ ದ್ರಾಕ್ಷಿ ಸುಗ್ಗಿಯಲ್ಲಿ ಇಡೀ ದ್ರಾಕ್ಷಿಯನ್ನು ಮಕ್ಕಳ ಬಾಯಿಗೆ ಹಾಕುವುದು ಸಾಮಾನ್ಯ. ಅದರ ಗಾತ್ರ, ನುಣುಪು ಎರಡೂ ಕೂಸಿನ ಗಂಟಲಿಗೆ ಹೇಳಿ ಮಾಡಿಸಿದ ಬೂಚು. ಉದ್ದಕ್ಕೆ ನಾಲ್ಕು ಸೀಳಬೇಕು, ಅಡ್ಡ ಕೊಯ್ದರೆ ದುಂಡಗೆ ಉಳಿಯುತ್ತದೆ. ಇಡೀ ಶೇಂಗಾ, ಹುರಿದ ಕಡಲೆ, ಕೊಬ್ಬರಿ ತುಂಡು ಐದು ವರ್ಷದವರೆಗೆ ಬೇಡ. ಶೇಂಗಾ ಒಳ್ಳೆಯದೇ, ನುಣ್ಣಗೆ ಅರೆದು ಮೊಸರಿಗೋ ನುಚ್ಚಿಗೋ ತೆಳ್ಳಗೆ ಕಲಸಿ ಕೊಡಿ, ಮೊದಲ ಸಲ ಚಮಚದ ತುದಿಯಷ್ಟು, ಹಗಲು ಹೊತ್ತಿನಲ್ಲಿ. ಮೈಮೇಲೆ ದದ್ದು, ತುಟಿ ಊತ, ವಾಂತಿ ಕಂಡರೆ ಮತ್ತೆ ಕೊಡದೆ ಡಾಕ್ಟರ ಬಳಿ ಹೋಗಿ, ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಗೋಕಾಕ, ಅಮೀನಗಡದ ಕರದಂಟು, ಬೆಳಗಾವಿಯ ಕುಂದಾ ನಮಗೂ ಇಷ್ಟ, ಆದರೆ ಎರಡು ವರ್ಷದೊಳಗಿನ ಕೂಸಿಗೆ ಸಕ್ಕರೆ, ಬೆಲ್ಲ ಬೇಕಿಲ್ಲ, ಕರದಂಟಿನ ಬದಾಮಿ ಚೂರಂತೂ ಬೇಡವೇ ಬೇಡ. ಜೇನುತುಪ್ಪ ವರ್ಷ ತುಂಬುವ ತನಕ ಒಂದು ಹನಿಯೂ ಸಲ್ಲದು, ಅದರಲ್ಲಿರಬಹುದಾದ ಸೂಕ್ಷ್ಮಾಣು ಎಳೆ ಕರುಳಿನಲ್ಲಿ ಬೆಳೆದು ಮೈ ಸಡಿಲಬೀಳಿಸುವ ವಿಷ ಉಂಟುಮಾಡುತ್ತದೆ.

ಏಪ್ರಿಲ್–ಮೇ ಬಿಸಿಲಿನಲ್ಲಿ ಬೆಂದ ಕಾಯಿಪಲ್ಯ ಹೊರಗೆ ಒಂದು ತಾಸಿಗಿಂತ ಹೆಚ್ಚು ಇರಬಾರದು. ಬೆಳಿಗ್ಗೆ ಬೇಯಿಸಿ ಸಂಜೆ ಕೊಡುವುದಾದರೆ ಆರಿದ ಕೂಡಲೇ ಮುಚ್ಚಿ ಫ್ರಿಜ್ಜಿನಲ್ಲಿಡಿ, ಮತ್ತೆ ಹಬೆಯಲ್ಲಿ ಚೆನ್ನಾಗಿ ಬಿಸಿ ಮಾಡಿ ಆರಿಸಿ ಕೊಡಿ, ಅದೂ ಒಂದೇ ಸಲ. ಕೂಸು ಬಾಯಿಟ್ಟು ಬಿಟ್ಟದ್ದನ್ನು ಎತ್ತಿಡಬೇಡಿ. ಕರೆಂಟು ಗಂಟೆಗಟ್ಟಲೆ ಹೋಗುವ ಊರಾದರೆ ಫ್ರಿಜ್ಜಿನ ಭರವಸೆಯೂ ಬೇಡ, ಆ ಹೊತ್ತಿಗೆ ಎರಡು ತುಂಡು ಬೇಯಿಸುವುದೇ ಸುಲಭ.

ಮರುದಿನದ ಲಂಗೋಟಿ ನೋಡಿ ಹೆದರುವವರಿಗೆ ಎರಡು ಮಾತು. ಬೀಟ್‌ರೂಟ್ ತಿಂದರೆ ಮಲ, ಮೂತ್ರ ಕೆಂಪಾಗಬಹುದು. ಅದು ರಕ್ತವಲ್ಲ, ಆದರೆ ಬೀಟ್‌ರೂಟ್ ತಿನ್ನದೆಯೂ ಕೆಂಪು ಕಂಡರೆ ಡಾಕ್ಟರಿಗೆ ತೋರಿಸಿ. ಗಜ್ಜರಿ, ಬೀನ್ಸಿನ ತುಣುಕು ಹಾಗೇ ಹೊರಬರುವುದೂ ಮೊದಮೊದಲು ಮಾಮೂಲು. ದಿನಾ ಗಜ್ಜರಿ, ಸಿಹಿಗುಂಬಳವೇ ಆದರೆ ಮೂಗಿನ ತುದಿ, ಅಂಗಾಲು ಹಳದಿಯಾಗುತ್ತದೆ. ಕಣ್ಣಿನ ಬಿಳಿ ಬಿಳಿಯಾಗೇ ಇದ್ದರೆ ಅದು ಕಾಮಾಲೆಯಲ್ಲ, ಒಂದೆರಡು ವಾರ ಬೇರೆ ಕಾಯಿಗೆ ತಿರುಗಿ.

ಇಷ್ಟೆಲ್ಲ ಹೇಳಿದ ಮೇಲೂ ಕಾಯಿಪಲ್ಯದ ಕಡ್ಡಿಯೇ ಊಟ ಎಂದು ತಿಳಿದರೆ ನಮ್ಮ ಪತ್ರವೇ ತಪ್ಪು ದಾರಿ ಹಿಡಿಸಿದಂತೆ. ಕಾಯಿಪಲ್ಯದಲ್ಲಿ ನೀರು ಹೆಚ್ಚು, ಕಸುವು ಕಡಿಮೆ, ಕೂಸಿನ ಹೊಟ್ಟೆಯೋ ಅದರ ಮುಷ್ಟಿಯಷ್ಟು. ಬೇಳೆ ಹಾಕಿ ಬೇಯಿಸಿದ ನುಚ್ಚು, ತುಪ್ಪ, ತಿನ್ನುವ ಮನೆಯಾದರೆ ತತ್ತಿ, ಇವು ಊಟದ ಮೈ.  6–8 ತಿಂಗಳಲ್ಲಿ ಎರಡು–ಮೂರು ಚಮಚದಿಂದ ಶುರುವಾಗಿ 250 ಮಿ.ಲೀ. ಬಟ್ಟಲಿನ ಅರ್ಧದವರೆಗೆ, ದಿನಕ್ಕೆ ಎರಡು ಮೂರು ಸಲ. ಅದನ್ನು ಚಮಚದಲ್ಲಿ ತಿನ್ನಿಸುತ್ತಾ ಪಕ್ಕದಲ್ಲಿ ಎರಡು ತುಂಡು ಕಾಯಿಪಲ್ಯ ಇಟ್ಟರೆ ಎರಡೂ ಕೆಲಸ ಆಗುತ್ತವೆ. ಎದೆಹಾಲು ಎರಡು ವರ್ಷದವರೆಗೆ, ಬೇಕಾದರೆ ಮುಂದಕ್ಕೂ ಸಾಗಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದನ್ನು ಪಾಲಕ್, ಬೀಟ್‌ರೂಟ್ ಒಂದರಿಂದಲೇ ನೀಗಿಸುತ್ತೇವೆ ಎನ್ನುವುದು ಭ್ರಮೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ವಾರಕ್ಕೆ ಎರಡು ಸಲ 1 ಮಿ.ಲೀ.ನಂತೆ ಹಾಕಿಸಿ, ಒಂಬತ್ತು ತಿಂಗಳಿಗೆ ಎ ಜೀವಸತ್ವದ ಹನಿ ತಪ್ಪಿಸಬೇಡಿ.

ಇನ್ನು ನಿಮ್ಮಲ್ಲೊಂದು ವಿನಂತಿ. ಆ ಬರಹವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡವರು ಇದ್ದೇ ಇರುತ್ತಾರೆ. ಓದುಗರ ಪತ್ರದ ಪುಟವನ್ನು ಅವರು ನೋಡುತ್ತಾರೆಂಬ ಖಾತ್ರಿಯಿಲ್ಲ. ಹಾಗಾಗಿ ಹಸಿ ಗಜ್ಜರಿಯ ಸಾಲಿನ ತಿದ್ದುಪಡಿಯನ್ನು ಅದೇ ಪುರವಣಿಯ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರುವ ವಾರ ಹಾಕಿ.

— ಶಿಶು ಆಹಾರದ ತರಬೇತಿ ನೀಡುವ ಗೃಹವಿಜ್ಞಾನ ಶಿಕ್ಷಕಿಯರು, ವಿಜಯಪುರ